ಚಪ್ಪಲಿ ತಿರುಗಿಸಿದ ಕೈ

ಆರನೆಯ ಕಂತು

ಊಟದ ಕೋಣೆಯ ಹೊಸ್ತಿಲ ಮುಂದೆ, ಸಾರಿನ ಬಟ್ಟಲುಗಳ ತಟ್ಟೆ ಹಿಡಿದುಕೊಂಡೇ ತೊಕಿ ಕಲ್ಲಾಗಿ ನಿಂತಳು.

“ಅಕ್ಕಾ, ಸಾರು ಆರೋಗುತ್ತೆ,” ಹಿಂದಿನಿಂದ ಅಡುಗೆಯ ಗೊಂದಾ ಪಿಸುಗುಟ್ಟಿದ.

“ಆರಲಿ. ಇಲ್ಲಿ ನೋಡು.”

“ಏನು ನೋಡ್ಲಿ? ಚಪ್ಪಲಿ.”

“ನೀನು ಮುಟ್ಟಿದ್ಯಾ?”

“ಮೀನು ಹೆಚ್ಚೋ ಕೈ ಇದು! ಕಂಡೋರ ಚಪ್ಪಲಿ ನಾನ್ಯಾಕೆ ಮುಟ್ಲಿ?”

ಮೂರು ಜೊತೆ ಚಪ್ಪಲಿಗಳೂ ಮೂತಿ ಹೊರಗೆ ಮಾಡಿ ನಿಂತಿದ್ದವು. ಜೊತೆಗೂ ಜೊತೆಗೂ ನಡುವೆ ಸರಿಯಾಗಿ ಒಂದು ಮುಷ್ಟಿ ಜಾಗ. ಊಟ ಮುಗಿಸಿ ಬಂದ ಅತಿಥಿ ಬಗ್ಗಬೇಕಿಲ್ಲ, ತಡಕಬೇಕಿಲ್ಲ, ಕಾಲು ತೂರಿಸಿದರೆ ಸಾಕು. ಟೋಕಿಯೊದ ನೆಗಿಶಿಯ ಓಣಿಯಲ್ಲಿರುವ ಈ ಅಕೇಬಿಯಾ ವಸತಿಗೃಹದಲ್ಲಿ ನಲವತ್ತೊಂದು ವರ್ಷದಿಂದ ಆ ಕೆಲಸ ತೊಕಿಯದು. ಹಾಸಿಗೆ ಹಾಸುವುದು, ಬಡಿಸುವುದು, ಚಪ್ಪಲಿ ತಿರುಗಿಸುವುದು, ಗಂಡಹೆಂಡಿರ ಜಗಳ ಕಿವಿಗೆ ಬಿದ್ದರೂ ಬೀಳದವಳಂತೆ ಚಹಾ ಬಗ್ಗಿಸುವುದು, ಹಿರಿಯ ನಕಾಯಿ ಅಂದರೆ ಇಷ್ಟೂ ಸೇರಿತು. ಆದರೆ ಇವತ್ತು ಇವನ್ನು ತಿರುಗಿಸಿದವಳು ಅವಳಲ್ಲ.

ಎರಡು ನಿಮಿಷದ ಹಿಂದೆ ಅನ್ನದ ಪಾತ್ರೆ ಒಳಗಿಟ್ಟು ಅಡುಗೆಮನೆಗೆ ಹೋದಾಗ, ಒಸಾಕಾದ ದೊಬಾಶಿಯವರ ಒಂದು ಚಪ್ಪಲಿ ಗೋಡೆ ಪಕ್ಕ, ಇನ್ನೊಂದು ಮಗುಚಿಕೊಂಡು ಬಿದ್ದಿತ್ತು. ಇನ್ನೊಬ್ಬ ನಕಾಯಿ ಹಬ್ಬಕ್ಕೆ ಊರಿಗೆ ಹೋಗಿದ್ದಾಳೆ. ಒಡತಿ ಮುಂಬಾಗಿಲಲ್ಲಿ ಫೋನಿಗೆ ಅಂಟಿಕೊಂಡಿದ್ದಾರೆ. ಗೊಂದಾ ಅಡುಗೆಮನೆಯಲ್ಲಿದ್ದ. ಅಂದಮೇಲೆ ಒಳಗೆ ಕೂತ ಮೂವರು ಅತಿಥಿಗಳಲ್ಲೇ ಯಾರೋ ಒಬ್ಬರ ಕೈವಾಡ.

“ಒಳ್ಳೆ ಮನೆತನದೋರು ಯಾರೋ ತಿರುಗಿಸಿರ್ತಾರೆ ಬಿಡಿ,” ಅಂದ ಗೊಂದಾ.

“ಒಳ್ಳೆ ಮನೆತನದೋರು ತಮ್ಮ ಚಪ್ಪಲಿ ತಿರುಗಿಸ್ಕೋತಾರೆ. ಊರೋರ ಚಪ್ಪಲಿ ತಿರುಗಿಸಲ್ಲ. ದೊಬಾಶಿದು ಎಲ್ಲಿದೆ ನೋಡು.”

“ಕಂಬದ ಪಕ್ಕ.”

“ಅವರಿಗೆ ಬಲಮಂಡಿ ನೋವು. ಕಂಬ ಹಿಡ್ಕೊಳ್ದೆ ಚಪ್ಪಲಿ ಹಾಕ್ಕೊಳಕ್ಕಾಗಲ್ಲ. ಅದನ್ನ ಗಮನಿಸಿ ಇಟ್ಟಿದ್ದಾರೆ. ಇದು ಮನೆತನ ಅಲ್ಲ ಕಣಯ್ಯಾ, ಇದು ಕಸುಬು.”

ಗೊಂದಾನ ಬಾಯಿ ತೆರೆದದ್ದು ತೆರೆದೇ ಇತ್ತು. ಆರಡಿ ಎತ್ತರದ ಆಳು, ಈರುಳ್ಳಿ ಹೆಚ್ಚದೆಯೂ ಅಳಬಲ್ಲವನು. ಮೂರು ದಿನದಿಂದ ಹೆಚ್ಚೂಕಮ್ಮಿ ಅದೇ ಕೆಲಸದಲ್ಲಿದ್ದ.

ಅಳುವುದಕ್ಕೆ ಕಾರಣವಿತ್ತು. ಎಂಬತ್ತು ವರ್ಷದಿಂದ ಅತ್ತೆ ಸೊಸೆ ಕೈಯಾಡಿಸಿಕೊಂಡು ಬಂದಿದ್ದ ಅಕೇಬಿಯಾದ ತೌಡಿನ ಉಪ್ಪಿನಕಾಯಿ ಜಾಡಿ ಅಡುಗೆಮನೆ ನೆಲದಡಿಯ ಗೂಡಿನಿಂದ ಮಾಯವಾಗಿ ಇವತ್ತಿಗೆ ಮೂರು ದಿನ. ಅದನ್ನು ದಿನಾ ಕಲಸುವ ಹೊಣೆ ತೊಕಿಯದು. ಮೂರು ದಿನದೊಳಗೆ ಹುಡುಕಿ ತರದಿದ್ದರೆ ತಾನೇ ಗಂಟುಮೂಟೆ ಕಟ್ಟುತ್ತೇನೆಂದು ಅವಳು ಒಡತಿಯ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ಮಾತು ಕೊಟ್ಟಾಗಿತ್ತು. ಆ ಗಡುವು ಇವತ್ತು ಸಂಜೆ ಆರಕ್ಕೆ ಮುಗಿಯುತ್ತದೆ.

ಓಣಿ ಮೂಲೆಯ ಚೌಕಿಯ ಪೊಲೀಸಿನವನಿಗೆ ಹೇಳಿದ್ದಕ್ಕೆ, “ಅಜ್ಜೀ, ಉಪ್ಪಿನಕಾಯಿಗೆ ಕೊನೇಸಲ ಯಾವ ಬಟ್ಟೆ ಹಾಕಿತ್ತು?” ಎಂದು ಕೇಳಿದ್ದ. ಅವತ್ತೇ ತೊಕಿ ತೀರ್ಮಾನಿಸಿದಳು, ಈ ಕೇಸು ತನ್ನದೇ ಎಂದು.

ಅಕ್ಕಿತೌಡು, ಉಪ್ಪು, ಅದರೊಳಗೆ ಹುದುಗಿಸಿಟ್ಟ ಸೌತೆ, ಬದನೆ, ಮೂಲಂಗಿ. ನೋಡುವವರಿಗೆ ಒದ್ದೆ ಮರಳಿನ ಗುಡ್ಡೆ. ಆದರೆ ಆಗಸ್ಟಿನ ಸೆಕೆಯಲ್ಲಿ ಎರಡು ದಿನ ಕೈಯಾಡಿಸದಿದ್ದರೆ ಅದು ಕೆಡುತ್ತದೆ, ಕೆಟ್ಟ ಮೇಲೆ ಅಳಿದಂತೆಯೇ. ಕದ್ದವರು ಅದನ್ನು ಬಚ್ಚಿಟ್ಟರೆ ಸಾಲದು, ಮಗುವಿನಂತೆ ಸಾಕಬೇಕು.

“ಕಸುಬಿನೋರು,” ತೊಕಿ ತನಗೇ ಹೇಳಿಕೊಂಡಳು. “ಜಾಡಿ ಸಾಕೋಕೆ ಬರೋರು.”

“ಅಕ್ಕಾ, ಒಳಗೆ ಕೂತಿರೋ ಆ ಕುಸಕಾಬೆನೇ! ಚೀಲ ಕೆಳಗಿಡಲ್ಲ ಅವನು.”

“ಚೀಲ ನೆನ್ನೆ ನೋಡ್ದೆ. ಅದರೊಳಗೆ ಅವರ ಮನೆ ದಿಂಬು. ಬೇರೆ ದಿಂಬಲ್ಲಿ ನಿದ್ದೆ ಬರಲ್ವಂತೆ.”

“ಹಂಗಾದ್ರೆ ದೊಬಾಶಿ. ಸುಳ್ಳು ಹಲ್ಲಿನ ಸೆಟ್ಟು ಮಾರೋನು ನಿಜ ಹೇಳ್ತಾನಾ?”

“ತನ್ನೆರಡು ಚಪ್ಪಲಿ ಒಂದ್ಕಡೆ ಸೇರಿಸಕ್ಕೆ ಬರಲ್ಲ ಅವರಿಗೆ. ಮೂರು ಜೊತೆ ಎಲ್ಲಿಂದ ಸೇರಿಸ್ತಾರೆ?”

ಉಳಿದವರು ಒಬ್ಬರೇ. ಬಿದಿರು ಕೋಣೆಯ ನಾಗುಮೊ ಅವರು. ಕನಜಾವದ ಬ್ಯಾಂಕ್ ನಿರ್ದೇಶಕರ ವಿಧವೆಯಂತೆ. ಬೂದುಬಣ್ಣದ ರೇಷ್ಮೆ ಕಿಮೋನೊ, ತೂಕದ ಮಾತು, ಊದುಬತ್ತಿಯ ಪರಿಮಳ. ಅಂಥವರನ್ನು ಹೋಗಿ, ‘ಅಮ್ಮಾ, ನೀವು ನಕಾಯಿಯಾ?’ ಎಂದು ಕೇಳಲಾದೀತೇ? ತಪ್ಪಿದರೆ ಸಂಜೆವರೆಗೂ ಕಾಯದೆ ಈಗಲೇ ಗಂಟು ಕಟ್ಟಬೇಕಾದೀತು.

ತೊಕಿ ಸಾರಿನ ತಟ್ಟೆಯನ್ನು ಒಂದೇ ಕೈಗೆ ತಂದುಕೊಂಡಳು. ಇನ್ನೊಂದು ಕೈಯಿಂದ ಗೊಂದಾನ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಪಕ್ಕದ ಖಾಲಿ ಕೋಣೆಗೆ ಹೋಗು. ನಾನು ಸಾರು ಬಡಿಸಿ ಕೆಮ್ತೀನಿ. ಕೆಮ್ಮಿದ ತಕ್ಷಣ ಎರಡು ಸಲ ಚಪ್ಪಾಳೆ ತಟ್ಟು. ‘ಯಾರ್ರೀ ಅಲ್ಲಿ, ಇನ್ನೊಂದು ಬಾಟ್ಲಿ ಬಿಸಿ ಸಾಕೆ ತನ್ನಿ’ ಅಂತ ಕೂಗು. ಜೋರಾಗಿ. ಗಿರಾಕಿ ಥರ.”

“ಬೆಳಗ್ಗೆ ಏಳೂವರೆಗೆ ಹೆಂಡ ಕೇಳೋ ಗಿರಾಕಿ ಎಲ್ಲಿರ್ತಾನಕ್ಕಾ?”

“ಪಕ್ಕದ ಕೋಣೇಲಿರ್ತಾನೆ. ನಡಿ.”

ಒಳಗೆ ಮೂವರೂ ತಮ್ಮತಮ್ಮ ಪುಟ್ಟ ಮೇಜಿನ ಮುಂದೆ ಮಂಡಿ ಮಡಿಸಿ ಕೂತಿದ್ದರು. ದೊಬಾಶಿಯವರು ಮಂಡಿ ಮಡಿಸಲಾರದೆ ಒಂದು ಕಾಲನ್ನು ಪಕ್ಕಕ್ಕೆ ಚಾಚಿದ್ದರು. ಅವರ ಮುಂದಿನ ಪುಟ್ಟ ತಟ್ಟೆಯಲ್ಲಿ ಅಂಗಡಿಯಿಂದ ತಂದ ಹಳದಿ ಮೂಲಂಗಿಯ ಎರಡು ಚೂರು.

“ಏನಮ್ಮಾ ಇದು?” ಎಂದರು ಅವರು, ಚೂರೊಂದನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು. “ಇಪ್ಪತ್ತು ವರ್ಷದಿಂದ ನಾನಿಲ್ಲಿ ಇಳ್ಕೊಳೋದು ಯಾಕೆ ಗೊತ್ತಾ? ನಿಮ್ಮ ಸ್ನಾನದಮನೆಗಲ್ಲ. ಅದರ ನೀರು ಕುದಿಯೋ ಎಣ್ಣೆ. ನಿಮ್ಮ ಹಾಸಿಗೆಗೂ ಅಲ್ಲ. ನಿಮ್ಮ ಉಪ್ಪಿನಕಾಯಿಗೆ!”

“ಕ್ಷಮಿಸ್ಬೇಕು. ಜಾಡಿಗೆ ಸ್ವಲ್ಪ ಹುಷಾರಿಲ್ಲ.”

“ಜಾಡಿಗೂ ಹುಷಾರು ತಪ್ಪುತ್ತಾ?”

“ಸೆಕೆ ನೋಡಿ,” ಅಂದಳು ತೊಕಿ, ಕಣ್ಣಂಚಿನಲ್ಲಿ ನಾಗುಮೊ ಅವರನ್ನೇ ನೋಡುತ್ತ.

ನಾಗುಮೊ ಅವರು ಮೀನಿನ ಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ ತಟ್ಟೆಯ ಅಂಚಿಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕುಸಕಾಬೆಯವರು ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೊಟ್ಟೆ ತಿನ್ನುತ್ತಿದ್ದರು.

ತೊಕಿ ಕೊನೆಯ ಬಟ್ಟಲು ಇಟ್ಟಳು. ಬಾಗಿಲ ಬಳಿ ಹೋಗಿ ಕೂತಳು. ಕೆಮ್ಮಿದಳು.

ಚಟ್! ಚಟ್!

“ಯಾರ್ರೀ ಅಲ್ಲೀ! ಇನ್ನೊಂದು ಬಾಟ್ಲಿ ಬಿಸಿ ಸಾಕೆ ತನ್ರೀ!”

ಅಡ್ಡಗೋಡೆಯ ಕಾಗದ ಗಡಗಡ ನಡುಗಿತು. ಗೊಂದಾ ನಾಟಕದ ಕಂಪನಿ ಸೇರಬೇಕಿತ್ತು.

“ಬಂದೇಏ! ಈಗ್ಲೇ ತಂದೇಏ!”

ಆ ರಾಗಕ್ಕೆ ಹೆಸರಿಲ್ಲ. ಆದರೆ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿದವರಿಗೂ ಅದು ಗೊತ್ತು. ಕೊನೆಯ ಅಕ್ಷರ ಮೇಲಕ್ಕೇರಿ, ಕೂಗಿದವನ ಸಿಟ್ಟನ್ನು ಅರ್ಧ ಇಳಿಸುವ ರಾಗ. ಹಾಡಿದ್ದು ಎರಡು ಗಂಟಲು, ಒಂದೇ ಗಳಿಗೆಯಲ್ಲಿ, ಒಂದೇ ಶ್ರುತಿಯಲ್ಲಿ.

ಒಂದು ಗಂಟಲು ತೊಕಿಯದೇ. ಬಲೆ ಹಾಕಿದವಳೇ ಬಲೆಗೆ ಬಿದ್ದಿದ್ದಳು. ಕೂಗುವವನು ಗೊಂದಾ, ಕೂಗಿಸಿದವಳು ತಾನು ಎಂದು ತಿಳಿದಿದ್ದರೂ ನಾಲಿಗೆ ಅವಳ ಅಪ್ಪಣೆ ಕೇಳಲಿಲ್ಲ. ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು.

ಇನ್ನೊಂದು ಗಂಟಲಿನವರು ಅರ್ಧ ಎದ್ದು ನಿಂತಿದ್ದರು. ಎಡಗೈ ಕಿಮೋನೊದ ಅಂಚನ್ನು ಒತ್ತಿ ಹಿಡಿದಿತ್ತು. ಬಲಗೈ ದೊಬಾಶಿಯವರ ಖಾಲಿ ಅನ್ನದ ಬಟ್ಟಲನ್ನು ಆಗಲೇ ಎತ್ತಿಕೊಂಡಿತ್ತು. ಹೇಗೂ ಅಡುಗೆಮನೆ ಕಡೆ ಹೋಗುವುದು, ಬರಿಗೈಲಿ ಯಾಕೆ ಹೋಗಬೇಕು ಎನ್ನುವ ಹಾಗೆ.

ಕನಜಾವದ ಬ್ಯಾಂಕ್ ನಿರ್ದೇಶಕರ ವಿಧವೆ ಬಟ್ಟಲನ್ನು ನೋಡಿದರು. ದೊಬಾಶಿಯವರು ಬಟ್ಟಲನ್ನು ನೋಡಿದರು. ಕುಸಕಾಬೆಯವರು ದಿಂಬನ್ನು ಎದೆಗವಚಿಕೊಂಡರು.

“ಕಾಲು ಜೋಮು ಹಿಡೀತು,” ಎಂದರು ನಾಗುಮೊ ಅವರು, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು.

“ಹೌದೌದು. ಈ ಚಾಪೆನೇ ಹಾಗೆ,” ಅಂದಳು ತೊಕಿ.

*

ತೊಕಿ ಬಿದಿರು ಕೋಣೆಯ ಹೊರಗೆ ಮಂಡಿಯೂರಿ ಕೂತು ಬಾಗಿಲು ಸರಿಸಿದಳು. “ಹಾಸಿಗೆ ಎತ್ತೋಕೆ ಬಂದೆ,” ಅಂದಳು.

“ಎತ್ತಾಗಿದೆ,” ಎಂದರು ನಾಗುಮೊ ಅವರು. ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಿಟಕಿಯಾಚೆ ಪಕ್ಕದ ಹನ್ನೆರಡು ಮಹಡಿ ಕಟ್ಟಡದ ಗೋಡೆ. ಅದರಾಚೆ ರೈಲು ಹೋದ ಸದ್ದು.

“ಮೂರು ದಿನದಿಂದ ನೀವೇ ಹಾಸ್ಕೊಂಡು ನೀವೇ ಎತ್ತಿಡ್ತಿದ್ದೀರಿ.”

“ಸೊಂಟಕ್ಕೆ ವ್ಯಾಯಾಮ.”

ತೊಕಿಗೆ ತನ್ನ ಮೇಲೇ ಸಿಟ್ಟು ಬಂತು. ನನ್ನಂಥ ಮಂಡಿನೋವಿನ ಮುದುಕಿಯ ಮೇಲೆ ಎಂಥ ಕರುಣೆ ಈ ತಾಯಿಗೆ ಎಂದುಕೊಂಡು, ಮೂರು ರಾತ್ರಿ ಅವರ ಆಯುಸ್ಸು ಹೆಚ್ಚಲೆಂದು ಬೇಡಿಕೊಂಡಿದ್ದಳು. ಬೇರೆ ಕೋಣೆಗಳ ಹಾಸಿಗೆ ಗೂಡನ್ನೆಲ್ಲ ತೆರೆದು ನೋಡಿದವಳು, ಇದೊಂದನ್ನು ಮಾತ್ರ ತೆರೆದಿರಲಿಲ್ಲ.

“ಕೈ ಕೊಡಿ ಇಲ್ಲಿ,” ಅಂದಳು.

“ಏನು?”

“ಬಲಗೈ.”

ನಕಾಯಿಯೊಬ್ಬಳು ಅತಿಥಿಯ ಕೈ ಕೇಳುವುದೆಂದರೆ ಕೆನ್ನೆಗೆ ಹೊಡೆದ ಹಾಗೆ. ನಾಗುಮೊ ಅವರು ಕೂಗಾಡಬಹುದಿತ್ತು, ಒಡತಿಯನ್ನು ಕರೆಯಬಹುದಿತ್ತು. ಏನೂ ಮಾಡದೆ ಕೈ ಚಾಚಿದರು. ತೊಕಿ ಅದನ್ನು ಮೂಗಿನ ಹತ್ತಿರ ತಂದಳು. ಮೇಲೆ ಸೋಪು, ಸೋಪಿನ ಕೆಳಗೆ ನಿಂಬೆ, ನಿಂಬೆಯ ಕೆಳಗೆ ಕೈಗೆ ಹಚ್ಚುವ ಕ್ರೀಮು. ಎಲ್ಲದರ ತಳದಲ್ಲಿ, ಉಗುರಿನ ಸಂದಿಯಲ್ಲಿ, ಹುಳಿ ಹುಳಿಯಾದ ತೌಡು.

“ಏಳು ಸೋಪಿಗೂ ಬಗ್ಗಲ್ಲ ಅದು,” ಅಂದಳು ತೊಕಿ. “ನಲವತ್ತೊಂದು ವರ್ಷ ಉಜ್ಜಿ ನೋಡಿದ್ದೀನಿ.”

“ನನಗೆ ಮೂವತ್ಮೂರು.”

ಆ ಮಾತು ಹೊರಬಿದ್ದದ್ದೇ ತಡ, ನಾಗುಮೊ ಅವರ ಬೆನ್ನು ಬಾಗಿತು, ಭುಜ ಇಳಿಯಿತು, ಬ್ಯಾಂಕ್ ನಿರ್ದೇಶಕರು ಕಿಟಕಿಯಿಂದ ಹಾರಿಹೋದರು. ಎದುರಿಗೆ ಉಳಿದದ್ದು ದಣಿದ ಕಾಲಿನ ಒಬ್ಬ ಹೆಂಗಸು.

“ಎಲ್ಲಿ?” ತೊಕಿ ಕೇಳಿದಳು.

“ಇಕಾಹೊದಲ್ಲಿ. ಬಿಸಿನೀರಿನ ಬುಗ್ಗೆಗೆ ಬರೋ ಜನಕ್ಕೆ ಇದ್ದ ಒಂದು ಹಳೇ ವಸತಿಗೃಹ. ಯಜಮಾನರು ತೀರ್ಕೊಂಡ್ರು, ಹೋದ ವರ್ಷ ಬಾಗಿಲು ಹಾಕಿದ್ರು.”

“ಗಂಡ?”

“ಯಾವ ಗಂಡ? ಮದುವೆ ಆಗೋಕೆ ಪುರುಸೊತ್ತು ಎಲ್ಲಿತ್ತು ಅಕ್ಕಾ, ನಿಮಗಿತ್ತಾ?”

“ಹಾಗಾದ್ರೆ ದಿನಕ್ಕೆ ಎರಡು ಕಟ್ಟು ಊದುಬತ್ತಿ ಯಾರಿಗೆ ಹಚ್ತಿದ್ರಿ?”

ನಾಗುಮೊ ಅವರು ಗೋಡೆಯ ಗೂಡಿನ ಕಡೆ ತಲೆಯಾಡಿಸಿ, “ವಾಸನೆ ಮುಚ್ಚೋಕೆ,” ಎಂದರು.

ತೊಕಿ ಗೂಡಿನ ಬಾಗಿಲು ಸರಿಸಿದಳು. ಮೂರು ಮಡಿಕೆಯ ಹಾಸಿಗೆ, ಅಂಚಿಗೆ ಅಂಚು ಕೂಡಿ. ಅದರ ಹಿಂದೆ ನೇರಳೆ ಬಟ್ಟೆಯಲ್ಲಿ ಸುತ್ತಿದ ಗುಂಡು ಆಕಾರ. ಅದರ ಮೇಲೆ ಒದ್ದೆ ಟವೆಲು. ಅದರ ಎದುರಿಗೆ ಒಂದು ಟೇಬಲ್ ಫ್ಯಾನು ಗುಂಯ್ ಎಂದು ತಿರುಗುತ್ತಿತ್ತು. ಸೆಕೆ ತಡೆಯಲಾರೆನೆಂದು ನಾಗುಮೊ ಅವರು ಮೊನ್ನೆ ಕೇಳಿ ತರಿಸಿಕೊಂಡಿದ್ದ ಎರಡನೇ ಫ್ಯಾನು.

“ನನ್ನ ಕೋಣೇಲೇ ಫ್ಯಾನಿಲ್ಲ,” ಅಂದಳು ತೊಕಿ. ಅಳುವೂ ನಗುವೂ ಒಟ್ಟಿಗೇ ಬಂತು.

ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ತೋಳು ಮೇಲೆ ಮಾಡಿ ಕೈ ಇಳಿಸಿದಳು. ತಣ್ಣಗಿತ್ತು. ಮೆತ್ತಗಿತ್ತು. ಜೀವ ಇತ್ತು. ಬೆರಳು ನೆಕ್ಕಿ ನೋಡಿದಳು. ಹುಬ್ಬು ಗಂಟಾಯಿತು.

“ಉಪ್ಪು ಹಾಕಿದ್ದೀರಿ.”

“ಒಂದು ಹಿಡಿ. ಸೆಕೆ ಇತ್ತು.”

“ಬೇಕಿರ್ಲಿಲ್ಲ.”

“ಬೇಕಿತ್ತು. ಮೇಲೆ ನೀರು ಬಿಡ್ತಿತ್ತು.”

“ನೀರು ಬಿಟ್ರೆ ಒಣಗಿದ ಶಿತಾಕೆ ಅಣಬೆ ಹಾಕ್ಬೇಕು, ಹೀರ್ಕೊಳುತ್ತೆ. ಉಪ್ಪು ಸುರಿಯೋದಾ? ಇದೇನು ಸಮುದ್ರವಾ?”

“ನಮ್ಮಲ್ಲಿ ಉಪ್ಪೇ ಹಾಕೋದು.”

“ಅದಕ್ಕೇ ನಿಮ್ಮದು ಬಾಗಿಲು ಹಾಕಿದ್ದು!”

ಅಂದಮೇಲೆ ತೊಕಿಗೆ ನಾಚಿಕೆಯಾಯಿತು. ಇಬ್ಬರೂ ಜಾಡಿಯ ಆಚೀಚೆ ಕೂತರು. ಕಳ್ಳತನದ ವಿಚಾರಣೆ ಉಪ್ಪಿನ ಜಗಳವಾಗಿ ದಾರಿ ತಪ್ಪಿದ್ದು ತೊಕಿಗೆ ಆಗ ನೆನಪಾಯಿತು.

“ಯಾಕೆ ಕದ್ರಿ?”

“ಕದ್ದಿಲ್ಲ.”

“ಜಾಡಿ ತಾನೇ ನಡ್ಕೊಂಡು ಬಂತಾ?”

“ಇದು ಎಷ್ಟು ಭಾರ ಇದೆ ಗೊತ್ತಲ್ಲ ಅಕ್ಕಾ ನಿಮಗೆ. ನೆಲದಡಿಯಿಂದ ಎತ್ತಿ, ಮೆಟ್ಟಿಲು ಹತ್ತಿಸಿ, ಪಡಸಾಲೆಯುದ್ದ ಸದ್ದಾಗದ ಹಾಗೆ ತರೋಕೆ ನನ್ನ ಒಬ್ಬಳ ಕೈಲಿ ಆಗುತ್ತಾ? ನನ್ನ ಸೊಂಟ ನೋಡಿ.”

ತೊಕಿ ಸೊಂಟ ನೋಡಿದಳು. ಆಗುವ ಸೊಂಟವಲ್ಲ.

“ಗೊಂದಾನಾ?” ಅವಳ ಧ್ವನಿ ಸಣ್ಣಗಾಯಿತು.

“ಆ ಅಳುಬುರುಕನಾ? ಅಲ್ಲ.” ನಾಗುಮೊ ಅವರು ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಒಂದು ಕಡೆ ನಾನು ಹಿಡ್ಕೊಂಡೆ. ಇನ್ನೊಂದು ಕಡೆ ನಿಮ್ಮ ಒಡತಿ.”

ಫ್ಯಾನು ತಿರುಗುತ್ತಲೇ ಇತ್ತು.

ಒಡತಿ ಫುಸಾಯೆ. ಈ ಮನೆಗೆ ಸೊಸೆಯಾಗಿ ಅವರು ಬಂದ ವರ್ಷವೇ ತೊಕಿ ಕೆಲಸಕ್ಕೆ ಬಂದದ್ದು. ಅತ್ತೆಯ ಬೈಗುಳವನ್ನು ಇಬ್ಬರೂ ಸಮಪಾಲು ತಿಂದವರು. ಇದೇ ಜಾಡಿಗೆ ಕೈ ಹಾಕಿ ಕಲಸುವುದನ್ನು ಒಂದೇ ಬೆಳಗ್ಗೆ, ಅಕ್ಕಪಕ್ಕ ಕೂತು ಕಲಿತವರು.

“ಸುಳ್ಳು,” ಅಂದಳು ತೊಕಿ.

“ಸುಳ್ಳಾದ್ರೆ ನನಗೂ ಚೆನ್ನಾಗಿತ್ತು. ಬರೋ ತಿಂಗಳು ಒಂದನೇ ತಾರೀಕಿಂದ ಇಲ್ಲಿ ಹಿರಿಯ ನಕಾಯಿ ನಾನು ಅಂದಿದ್ದಾರೆ. ಅಲ್ಲೀವರೆಗೆ ಜಾಡಿ ಕಾಪಾಡು ಅಂದ್ರು. ಜಾಡಿ ಕಾಣೆಯಾದ್ರೆ ತೊಕಿ ತಾನಾಗೇ ಹೋಗ್ತೀನಿ ಅಂತಾಳೆ, ನಾನು ಬಾಯಿಬಿಟ್ಟು ಹೇಳ್ಬೇಕಾಗಲ್ಲ ಅಂದ್ರು.”

“ಯಾಕೆ?”

“ಕೇಳ್ಲಿಲ್ಲ. ಕೆಲಸ ಇಲ್ದೋಳು ಕೆಲಸ ಕೊಡೋರನ್ನ ಯಾಕೆ ಅಂತ ಕೇಳ್ತಾಳಾ?” ನಾಗುಮೊ ಅವರು ತಲೆ ತಗ್ಗಿಸಿದರು. “ನಿಮ್ಮನ್ನ ನಾನು ನೋಡಿರ್ಲಿಲ್ಲ. ಯಾರೋ ಮೈಗಳ್ಳಿ ಇರ್ಬೇಕು ಅಂದ್ಕೊಂಡಿದ್ದೆ. ಬಂದ ದಿನವೇ ಗೊತ್ತಾಯ್ತು. ನನ್ನ ಎಡಗಿವಿ ಮಂದ ಅಂತ ನಾನು ಹೇಳೋಕೆ ಮುಂಚೆ ನೀವು ಬಲಗಡೆ ಬಂದು ಕೂತು ಮಾತಾಡಿದ್ರಿ. ಅವತ್ತಿಂದ ನನಗೆ ಅನ್ನ ಇಳೀತಿಲ್ಲ ಅಕ್ಕಾ.”

“ಇವತ್ತು ಮೂರು ಬಟ್ಟಲು ಇಳೀತು,” ಅಂದಳು ತೊಕಿ. ಬಡಿಸಿದವಳಿಗೆ ಲೆಕ್ಕ ತಪ್ಪುವುದಿಲ್ಲ. ಆದರೆ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ತೂತು ಬಿದ್ದ ಹಾಗಿತ್ತು.

ಜಾಡಿ ಸಿಕ್ಕಿತ್ತು. ಹೊತ್ತುಕೊಂಡು ಹೋಗಿ ಅಡುಗೆಮನೆಯ ನಡುವೆ ಇಟ್ಟರೆ ಗೊಂದಾ ಸಂತೋಷಕ್ಕೆ ಅತ್ತಾನು, ಮಾತು ಉಳಿದೀತು, ಕೆಲಸವೂ ಉಳಿದೀತು. ಆದರೆ ಒಡತಿಯ ಕಳ್ಳತನ ಎಲ್ಲರೆದುರು ಬಯಲಾಗುತ್ತದೆ. ಇಡದಿದ್ದರೆ ಸಂಜೆ ಆರಕ್ಕೆ ತೊಕಿ ಬೀದಿಗೆ. ಅರವತ್ತೆರಡನೇ ವಯಸ್ಸಿಗೆ, ಒಂದು ಬುಟ್ಟಿ ಬಟ್ಟೆಯೊಂದಿಗೆ, ಹೋಗಲು ಊರಿಲ್ಲದೆ.

ಪಡಸಾಲೆಯ ಹಲಗೆ ಕಿರುಗುಟ್ಟಿತು. ಆ ಹೆಜ್ಜೆ ಯಾರದೆಂದು ಹೇಳಲು ತೊಕಿ ತಲೆ ಎತ್ತಬೇಕಾಗಿರಲಿಲ್ಲ. ನಾಗುಮೊ ಅವರ ಮುಖ ಅನ್ನದ ಗಂಜಿಯಂತೆ ಬೆಳ್ಳಗಾಯಿತು.

ಕಾಗದದ ಬಾಗಿಲ ಮೇಲೆ ಒಂದು ನೆರಳು ಬಂದು ಕೂತಿತು.

“ತೊಕಿ, ಒಳಗಿದ್ದೀಯಾ?”

“ಇದ್ದೀನಿ ಒಡತಿಯವ್ರೇ. ಹಾಸಿಗೆ ಎತ್ತುತ್ತಿದ್ದೀನಿ.”

“ಜಾಡಿ ಸುಳಿವು ಏನಾದ್ರೂ ಸಿಕ್ತಾ?”

ತೊಕಿಯ ಕೈ ಮಣಿಕಟ್ಟಿನವರೆಗೆ ಜಾಡಿಯೊಳಗಿತ್ತು. ಹೌದು ಅಂದರೆ ಮುಗಿಯಿತು. ಆದರೆ ಇಲ್ಲ ಎಂದಾಗ ಬಾಗಿಲಾಚೆಯಿಂದ ಏನು ಕೇಳಿಬರುತ್ತದೆ ಎಂಬುದು ಅವಳಿಗೆ ಬೇಕಿತ್ತು. ಕೆಲಸಕ್ಕಿಂತ ಹೆಚ್ಚಾಗಿ ಬೇಕಿತ್ತು.

“ಇಲ್ಲ. ಸಿಕ್ಕಿಲ್ಲ.”

ಬಾಗಿಲಾಚೆ ಒಂದು ಉಸಿರು ಹೊರಬಿತ್ತು. ಉದ್ದವಾಗಿ, ಹಗುರವಾಗಿ.

ತೊಕಿಗೆ ಆ ಉಸಿರಿನ ಪರಿಚಯವಿತ್ತು. ಕಾಟ ಕೊಟ್ಟ ಗಿರಾಕಿಯನ್ನು ಮುಂಬಾಗಿಲಲ್ಲಿ ಬಗ್ಗಿ ಬಗ್ಗಿ ಬೀಳ್ಕೊಟ್ಟು, ಅವನ ಟ್ಯಾಕ್ಸಿ ಓಣಿ ತಿರುಗಿ ಮರೆಯಾದ ಮೇಲೆ ಫುಸಾಯೆ ಬಿಡುವ ಉಸಿರು ಅದು. ನಲವತ್ತೊಂದು ವರ್ಷ ಆ ಉಸಿರನ್ನು ತೊಕಿ ಪಕ್ಕದಲ್ಲೇ ನಿಂತು, ಜೊತೆಗೇ ಬಿಟ್ಟಿದ್ದಳು.

“ಹೋಗ್ಲಿ ಬಿಡು,” ಎಂದಿತು ನೆರಳು. “ಆರಕ್ಕೆ ನನ್ನ ಕೋಣೆಗೆ ಬಾ. ಒಳ್ಳೆ ಕಿಮೋನೊ ಉಟ್ಕೊಂಡು ಬಾ.”

ಹೆಜ್ಜೆಗಳು ದೂರವಾದವು. ಮುಂಬಾಗಿಲ ಕಡೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು.

ನಾಗುಮೊ ಅವರು ತೊಕಿಯ ಒದ್ದೆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ತೌಡು ಅವರ ರೇಷ್ಮೆ ತೋಳಿಗೆ ಮೆತ್ತಿದ್ದನ್ನು ಅವರು ನೋಡಲೂ ಇಲ್ಲ.

“ಅಕ್ಕಾ, ಇನ್ನೊಂದು ಹೇಳಿಲ್ಲ ನಿಮಗೆ,” ಅಂದರು. “ಆರು ಗಂಟೆಗೆ ನಾನಿಲ್ಲಿ ಇರಕೂಡ್ದು ಅಂದಿದ್ದಾರೆ ಒಡತಿ. ಐದಕ್ಕೇ ಹಿಂಬಾಗಿಲಿಂದ ಹೋಗ್ಬೇಕಂತೆ. ಜಾಡಿ ಸಮೇತ.”